ಮಲಗಿದ ಎಸ್‌ಎಸ್‌ಡಿ, ಮಾಯವಾಗುವ ವೈಫೈ: ಲಿನಕ್ಸ್ ಲ್ಯಾಪ್‌ಟಾಪ್‌ನ ನಿದ್ದೆಯ ದೋಷಗಳಿಗೆ ಏನು ಮಾಡಬೇಕು?

ಪ್ರಶ್ನೆ: ಎರಡು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಂಡಿದ್ದೇನೆ. ಕೆಲಸ ಮಾಡುತ್ತಿರುವಾಗ ಏನೂ ಆಗುವುದಿಲ್ಲ. ಊಟಕ್ಕೆ ಎದ್ದುಹೋಗಿ ಬರುವಷ್ಟರಲ್ಲಿ ಕೆಲವೊಮ್ಮೆ ಎಸ್‌ಎಸ್‌ಡಿ ‘ರೀಡ್ ಓನ್ಲಿ’ ಆಗಿ ಎಲ್ಲ ನಿಂತಿರುತ್ತದೆ. ಮುಚ್ಚಳ ಮುಚ್ಚಿ ತೆರೆದರೆ ನಾಲ್ಕೈದು ಸಲಕ್ಕೊಮ್ಮೆ ವೈಫೈ ಕಾರ್ಡೇ ಇರುವುದಿಲ್ಲ. ಯುಎಸ್‌ಬಿ ಮೌಸ್ ಎರಡು ಸೆಕೆಂಡ್ ಮುಟ್ಟದಿದ್ದರೆ ಸತ್ತಂತಾಗಿ, ಕ್ಲಿಕ್ ಮಾಡಿದರೆ ಮಾತ್ರ ಏಳುತ್ತದೆ. ಅಲ್ಲಿ ಇಲ್ಲಿ ಓದಿ ಎಂಟು ಕರ್ನಲ್ ಪ್ಯಾರಾಮೀಟರ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬೂಟ್ ಆಗುವಾಗ ಕೊಡುವ ಸೂಚನೆ) ಸೇರಿಸಿದೆ. ಡಿಸ್ಕ್ ಸುಧಾರಿಸಿತು, ಆದರೆ ಬ್ಯಾಟರಿ ಅರ್ಧ ಹೊತ್ತೂ ಬರುವುದಿಲ್ಲ, ಬ್ಯಾಗಿನಲ್ಲಿಟ್ಟರೆ ಬಿಸಿಯಾಗುತ್ತದೆ. ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ: ಸದ್ಯಕ್ಕೆ ಎಂಟನ್ನೂ ತೆಗೆಯಿರಿ. ನಿಮ್ಮ ಮೂರು ತೊಂದರೆಗಳು ಮೂರು ಬೇರೆ ಬೇರೆ ನಿದ್ದೆಗಳಿಗೆ ಸೇರಿದವು. ನೀವು ಹಾಕಿದ ಮದ್ದು ಇಡೀ ಯಂತ್ರಕ್ಕೆ ಜಾಗರಣೆ ಮಾಡಿಸುತ್ತಿದೆ, ನೆಗಡಿಗೆ ಮೂಗು ಕೊಯ್ದ ಹಾಗೆ. ಯಾವ ಸಾಧನ, ಅದರ ಯಾವ ನಿದ್ದೆ, ಎಷ್ಟು ಆಳದ ನಿದ್ದೆ ಎಂದು ಹುಡುಕಿ ಅದೊಂದನ್ನೇ ನಿಲ್ಲಿಸಿದರೆ ಬ್ಯಾಟರಿಯ ಖರ್ಚು ಹೆಚ್ಚುಕಮ್ಮಿ ಮೊದಲಿನಂತೆಯೇ ಇರುತ್ತದೆ.

ಒಂದು ಸೂಚನೆ. ಕೆಳಗೆ ಆದೇಶ, ಫೈಲ್ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಅಂಡರ್‌ಸ್ಕೋರ್, ಚುಕ್ಕಿ, ಗೆರೆಗಳು ಇಲ್ಲಿರುವಂತೆಯೇ ಇರಲಿ. ಹೆಸರು ಪೂರ್ತಿ ಟೈಪ್ ಮಾಡುವ ಬದಲು ಟ್ಯಾಬ್ ಕೀಲಿ ಒತ್ತುತ್ತ ಹೋದರೆ ತಪ್ಪು ಕಡಿಮೆ.

ಈ ದೋಷ ಹುಟ್ಟುವುದು ಎಲ್ಲಿ?

ಎಸ್‌ಎಸ್‌ಡಿ, ವೈಫೈ ಕಾರ್ಡ್‌ಗಳು ಬೋರ್ಡಿಗೆ ಜೋಡಣೆಯಾಗುವ ಬಸ್, ಅಂದರೆ ದತ್ತಾಂಶದ ದಾರಿ, ಪಿಸಿಐ. ಪಿಸಿಐ ಸಾಧನಕ್ಕೆ ಡಿ0 ಎಂದರೆ ಪೂರ್ಣ ಎಚ್ಚರ, ಡಿ3 ಎಂದರೆ ಗಾಢ ನಿದ್ದೆ. ಡಿ3ಯಲ್ಲೂ ಹಾಟ್, ಕೋಲ್ಡ್ ಎಂದು ಎರಡು ಬಗೆ. ಕೋಲ್ಡ್‌ನಲ್ಲಿ ಸಾಧನಕ್ಕೆ ಬರುವ ವಿದ್ಯುತ್ತನ್ನೇ ಕಡಿಯಲಾಗುತ್ತದೆ. ಸಾಧನ ಎಚ್ಚರವಾಗಿದ್ದರೂ ಅದನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ತಾನೇ ತೂಕಡಿಸಬಹುದು. ಅದು ಎಎಸ್‌ಪಿಎಂ. ಎಲ್0ಎಸ್, ಎಲ್1, ಎಲ್1.1, ಎಲ್1.2 ಎಂಬುವು ಅದರ ಮೆಟ್ಟಿಲುಗಳು. ಇವೆರಡರ ಜೊತೆಗೆ ಸಾಧನದ ಒಳಗೇ ಇರುವ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ, ಅದರದೇ ನಿದ್ದೆ ಬೇರೆ ಇರುತ್ತದೆ.

ಪ್ರತಿ ನಿದ್ದೆಗೂ ಒಂದು ಒಪ್ಪಂದವಿದೆ: ಇಷ್ಟು ಸಮಯದಲ್ಲಿ ಏಳುತ್ತೇನೆ, ಅಷ್ಟರವರೆಗೆ ನನ್ನನ್ನು ಮಾತಾಡಿಸಬೇಡ. ಡಿ3 ಹಾಟ್‌ನಿಂದ ಡಿ0ಗೆ ಬಂದ ಮೇಲೆ ಡ್ರೈವರ್ 10 ಮಿಲಿಸೆಕೆಂಡ್ ಕಾಯಬೇಕು ಎಂಬುದು ಪಿಸಿಐ ನಿಯಮ. ಸಾಧನ ಹೇಳಿದ ಹೊತ್ತಿಗೆ ಏಳದಿದ್ದರೆ, ಅಥವಾ ಡ್ರೈವರ್ ಕಾಯದೆ ಮಾತಾಡಿಸಿದರೆ, ಉತ್ತರ ಬರುವುದಿಲ್ಲ. ಪಿಸಿಐಯಲ್ಲಿ ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ ಓದಿದ ಪ್ರತಿ ಬಿಟ್ಟೂ 1 ಎಂದು ಕಾಣುತ್ತದೆ. ಹಾಗಾಗಿ ಕರ್ನಲ್ ಸಂದೇಶಗಳಲ್ಲಿ 0ಎಕ್ಸ್ ನಂತರ ಎಂಟು ‘ಎಫ್’ ಸಾಲಾಗಿ ಕಂಡರೆ ಆ ಸಾಧನ ಬಸ್ಸಿನಿಂದಲೇ ಇಳಿದುಹೋಗಿದೆ ಎಂದರ್ಥ. ದತ್ತಾಂಶ ಕೆಟ್ಟಾಗ ಕಾಣುವ ಸಂದೇಶವೇ ಬೇರೆ.

ತಪ್ಪು ಯಾರದು ಎಂಬುದು ಬಹಳ ಸಲ ಒಬ್ಬರ ಮೇಲೆ ಹೊರಿಸುವಂಥದ್ದಲ್ಲ. ಲಿನಕ್ಸ್ ಕರ್ನಲ್‌ನ ಎನ್‌ವಿಎಂಇ (ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಜೋಡಿಸುವ ಎಸ್‌ಎಸ್‌ಡಿಗಳ) ಡ್ರೈವರ್‌ನಲ್ಲೇ ಇದಕ್ಕೆ ಸಾಕ್ಷಿ ಇದೆ. ಸ್ಯಾಮ್‌ಸಂಗ್‌ನ ಎಸ್‌ಎಂ951, ಪಿಎಂ951, 950 ಪ್ರೊ ಡಿಸ್ಕ್‌ಗಳು ಅತಿ ಆಳದ ನಿದ್ದೆಯಲ್ಲಿ ಬಸ್ಸಿನಿಂದ ಕಳಚಿಕೊಳ್ಳುವುದು ಕಂಡುಬಂದದ್ದು ಡೆಲ್‌ನ ಎಕ್ಸ್‌ಪಿಎಸ್ 15 9550 ಮತ್ತು ಪ್ರಿಸಿಷನ್ 5510 ಎಂಬ ಎರಡು ಮಾದರಿಗಳಲ್ಲಿ. 960 ಇವಿಒ ತಕರಾರು ಮಾಡಿದ್ದು ಏಸಸ್‌ನ ಕೆಲವು ಮದರ್‌ಬೋರ್ಡ್‌ಗಳಲ್ಲಿ. ಆದ್ದರಿಂದ ಡ್ರೈವರ್ ಡಿಸ್ಕ್ ಮತ್ತು ಬೋರ್ಡ್ ಎರಡರ ಹೆಸರನ್ನೂ ನೋಡಿ, ಆ ಜೋಡಿಗೆ ಮಾತ್ರ ಆಳದ ನಿದ್ದೆಯನ್ನು ನಿರಾಕರಿಸುತ್ತದೆ. ಇಂಥ ವಿನಾಯಿತಿಗೆ ಕರ್ನಲ್ ಬರೆಯುವವರು ಇಟ್ಟ ಹೆಸರು ಕ್ವಿರ್ಕ್. ನೀವು ಕೈಯಿಂದ ಮಾಡಬೇಕಾದದ್ದೂ ಇಷ್ಟೇ, ನಿಮ್ಮ ಯಂತ್ರಕ್ಕೊಂದು ಸಣ್ಣ ಕ್ವಿರ್ಕ್.

ಮೊದಲು ಎಸ್‌ಎಸ್‌ಡಿ, ಏಕೆಂದರೆ ದತ್ತಾಂಶ ಹೋಗುವುದು ಅಲ್ಲಿ

ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ಡಿಸ್ಕ್ ನಿಜಕ್ಕೂ ಸಾಯುತ್ತಿಲ್ಲವೇ ನೋಡಿ. ಎನ್‌ವಿಎಂಇ-ಸಿಎಲ್‌ಐ ಪ್ಯಾಕೇಜ್ ಹಾಕಿಕೊಂಡು ‘ಎನ್‌ವಿಎಂಇ ಸ್ಮಾರ್ಟ್-ಲಾಗ್ /ಡೆವ್/ಎನ್‌ವಿಎಂಇ0’ ಕೊಡಿ. ಮೀಡಿಯಾ ಎರರ್ಸ್ ಸಾಲು ಸೊನ್ನೆಗಿಂತ ಹೆಚ್ಚಿದ್ದು ದಿನದಿನಕ್ಕೆ ಏರುತ್ತಿದ್ದರೆ ನಿದ್ದೆಯ ಚಿಂತೆ ಬಿಟ್ಟು ಹೊಸ ಡಿಸ್ಕ್ ತನ್ನಿ. ಎಸ್‌ಎಸ್‌ಡಿಯನ್ನು ಹಿಡಿದಿಡುವ ಎಂ.2 ಸ್ಕ್ರೂ ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಒಮ್ಮೆ ಬಿಚ್ಚಿ ಕೂರಿಸಿ. ಬಯಾಸ್ ಮತ್ತು ಡಿಸ್ಕ್ ಫರ್ಮ್‌ವೇರ್‌ಗೆ ಹೊಸ ಆವೃತ್ತಿ ಇದೆಯೇ ಎಂದು ‘ಎಫ್‌ಡಬ್ಲ್ಯೂಯುಪಿಡಿಎಂಜಿಆರ್’ನಿಂದ ನೋಡಿಕೊಳ್ಳಿ. ತಯಾರಕರು ಸರಿಮಾಡಿದ್ದನ್ನು ನಾವು ಪ್ಯಾರಾಮೀಟರ್‌ನಿಂದ ಮುಚ್ಚಿಡುವುದು ಬೇಡ.

ಈಗ ಸಾಕ್ಷಿ ಹಿಡಿಯಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ: ಡಿಸ್ಕ್ ಕಳಚಿಕೊಂಡ ಮೇಲೆ ಲಾಗ್ ಬರೆಯಲು ಜಾಗವೇ ಇಲ್ಲ, ಹಾಗಾಗಿ ರೀಬೂಟ್ ಮಾಡಿ ಜರ್ನಲ್ ತೆರೆದರೆ ಅಲ್ಲಿ ಏನೂ ಸಿಗುವುದಿಲ್ಲ. ಹೊಸದಾಗಿ ಯಾವ ಆದೇಶ ಕೊಟ್ಟರೂ ಅದನ್ನು ಡಿಸ್ಕಿನಿಂದ ಓದಲಾಗದೆ ಬೀಳಬಹುದು. ಊಟಕ್ಕೆ ಏಳುವ ಮುನ್ನವೇ ಒಂದು ಟರ್ಮಿನಲ್‌ನಲ್ಲಿ ‘ಸುಡೊ ಡಿಎಂಇಎಸ್‌ಜಿ -ಡಬ್ಲ್ಯೂ’ ಓಡಿಸಿ ಬಿಡಿ, ಪರದೆಯ ಲಾಕ್ ಆರಿಸಿಡಿ. ತೊಂದರೆಯಾದಾಗ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ‘ಕಂಟ್ರೋಲರ್ ಈಸ್ ಡೌನ್, ವಿಲ್ ರಿಸೆಟ್’ ಎಂಬ ಸಾಲಿನಲ್ಲಿ ಸಿಎಸ್‌ಟಿಎಸ್ (ಕಂಟ್ರೋಲರ್‌ನ ಸ್ಥಿತಿ) ಮುಂದೆ ಎಫ್‌ಗಳ ಸಾಲಿದ್ದರೆ ನಮ್ಮ ಅನುಮಾನ ಸರಿ.

ಈ ನಿದ್ದೆಯ ಹೆಸರು ಎಪಿಎಸ್‌ಟಿ. ಇದರಲ್ಲಿ ಕರ್ನಲ್ ಪ್ರತಿಸಲ ‘ಮಲಗು’ ಎನ್ನುವುದಿಲ್ಲ. ‘ಇಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಈ ಮಟ್ಟಕ್ಕೆ ಇಳಿ’ ಎಂಬ ಪಟ್ಟಿಯನ್ನು ಬೂಟ್ ಆಗುವಾಗಲೇ ಡಿಸ್ಕಿಗೆ ಕೊಟ್ಟುಬಿಡುತ್ತದೆ, ಆಮೇಲಿನದ್ದೆಲ್ಲ ಡಿಸ್ಕಿನ ವಿವೇಚನೆ. ಕೆಲಸ ಮಾಡುವಾಗ ಏನೂ ಆಗದೆ ಊಟದ ಹೊತ್ತಿನಲ್ಲೇ ಆಗುವುದಕ್ಕೆ ಕಾರಣ ಇದು. 2017ರಲ್ಲಿ ಬಂದ 4.11 ಕರ್ನಲ್‌ನಿಂದ ಲಿನಕ್ಸ್ ಇದನ್ನು ಬಳಸುತ್ತಿದೆ.

‘ಎನ್‌ವಿಎಂಇ ಐಡಿ-ಸಿಟಿಆರ್‌ಎಲ್ /ಡೆವ್/ಎನ್‌ವಿಎಂಇ0’ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಪಿಎಸ್ 0ರಿಂದ ಸಾಮಾನ್ಯವಾಗಿ ಪಿಎಸ್ 4ರವರೆಗೆ ಮಟ್ಟಗಳಿರುತ್ತವೆ. ‘ನಾನ್ ಆಪರೇಷನಲ್’ ಎಂದು ಬರೆದ 3, 4 ನಿಜವಾದ ನಿದ್ದೆಗಳು. ಪ್ರತಿ ಸಾಲಿನಲ್ಲಿ ಎನ್‌ಲ್ಯಾಟ್ ಎಂದರೆ ಮಲಗಲು, ಎಕ್ಸ್‌ಲ್ಯಾಟ್ ಎಂದರೆ ಏಳಲು ಬೇಕಾದ ಸಮಯ, ಮೈಕ್ರೊಸೆಕೆಂಡ್‌ಗಳಲ್ಲಿ. ಉದಾಹರಣೆಗೆ ಪಿಎಸ್ 3ರ ಎಕ್ಸ್‌ಲ್ಯಾಟ್ 1200, ಪಿಎಸ್ 4ರದ್ದು 8000 ಎಂದಿರಲಿ. ಕರ್ನಲ್ ತನ್ನ ಮಿತಿಯನ್ನು ಹೋಲಿಸುವುದು ಈ ಎಕ್ಸ್‌ಲ್ಯಾಟ್ ಜೊತೆ. ಮಿತಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವ ಮಟ್ಟವನ್ನು ಪಟ್ಟಿಗೇ ಸೇರಿಸುವುದಿಲ್ಲ. ಮೂಲ ಮಿತಿ 1,00,000, ಅಂದರೆ ಎಲ್ಲ ಮಟ್ಟಗಳೂ ಒಳಗೆ.

ಎಲ್ಲರೂ ನಕಲು ಮಾಡುವ 5500 ಎಂಬ ಅಂಕಿ ಮೇಲಿನ ಉದಾಹರಣೆಗೆ ಸರಿ: 1200 ಒಳಗೆ, 8000 ಹೊರಗೆ. ಆದರೆ ನಿಮ್ಮ ಡಿಸ್ಕಿನ ಪಿಎಸ್ 4 ಎಕ್ಸ್‌ಲ್ಯಾಟ್ 5000 ಆಗಿದ್ದರೆ 5500 ಹಾಕಿ ಏನೂ ಪ್ರಯೋಜನವಿಲ್ಲ, ಆಳದ ನಿದ್ದೆ ಒಳಗೇ ಉಳಿಯುತ್ತದೆ. ‘ಹಾಕಿ ನೋಡಿದೆ, ಸರಿಹೋಗಲಿಲ್ಲ’ ಎಂದು ಬರೆಯುವ ಕೆಲವರದ್ದು ಇದೇ ಕಥೆ ಇರಬೇಕು. ನಿಮ್ಮ ಡಿಸ್ಕಿನ ಎರಡು ಸಂಖ್ಯೆಗಳ ನಡುವಿನದ್ದನ್ನು ಆರಿಸಿಕೊಳ್ಳಿ.

ಪರೀಕ್ಷೆಗೆ ರೀಬೂಟ್ ಬೇಕಿಲ್ಲ. ರೂಟ್ ಆಗಿ /ಸಿಸ್/ಕ್ಲಾಸ್/ಎನ್‌ವಿಎಂಇ/ಎನ್‌ವಿಎಂಇ0/ಪವರ್/ಪಿಎಂ_ಕ್ಯುಒಎಸ್_ಲೇಟೆನ್ಸಿ_ಟಾಲರೆನ್ಸ್_ಯುಎಸ್ ಎಂಬ ಫೈಲಿಗೆ ಆ ಸಂಖ್ಯೆ ಬರೆದರೆ ಡ್ರೈವರ್ ಕೂಡಲೇ ಹೊಸ ಪಟ್ಟಿ ಕಳಿಸುತ್ತದೆ. ಮೊದಲು ಎಷ್ಟು ದಿನಕ್ಕೊಮ್ಮೆ ಕೈಕೊಡುತ್ತಿತ್ತೋ ಅದರ ಮೂರು ಪಟ್ಟು ದಿನ ಕಾಯಿರಿ. ವಾರಕ್ಕೊಮ್ಮೆ ಬರುವ ದೋಷ ಎರಡು ದಿನ ಬರದಿದ್ದರೆ ಅದು ಏನನ್ನೂ ಹೇಳುವುದಿಲ್ಲ. ಈ ಫೈಲಿನ ಬದಲಾವಣೆ ರೀಬೂಟ್ ಆದರೆ ಅಳಿಯುತ್ತದೆ, ಆ ನಡುವೆ ಯಂತ್ರ ಆರಿಸಿದರೆ ಮತ್ತೆ ಬರೆಯಬೇಕು. ನಿಂತರೆ ಸರಿ. ನಿಲ್ಲದಿದ್ದರೆ ಪಿಎಸ್ 3ರ ಎಕ್ಸ್‌ಲ್ಯಾಟ್‌ಗಿಂತ ಕೆಳಗೆ ಇಳಿಸಿ ನೋಡಿ. 0 ಕೊಟ್ಟರೆ ಎಪಿಎಸ್‌ಟಿ ಪೂರ್ತಿ ನಿಲ್ಲುತ್ತದೆ. ಅದಕ್ಕೂ ಜಗ್ಗದಿದ್ದರೆ ಎಪಿಎಸ್‌ಟಿ ನಿರಪರಾಧಿ, ಲಿಂಕ್ ಕಡೆ ನೋಡಬೇಕು.

ಶಾಶ್ವತಗೊಳಿಸಲು, ಬೂಟ್ ಮಾಡಿಸುವ ತಂತ್ರಾಂಶವಾದ ಗ್ರಬ್‌ನ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನ ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್ ಸಾಲಿಗೆ ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=2000’ ಎಂಬಂತೆ ಸೇರಿಸಿ ‘ಅಪ್‌ಡೇಟ್-ಗ್ರಬ್’ ಓಡಿಸಿ. ರೂಟ್ ಡಿಸ್ಕಿನ ಡ್ರೈವರ್ ಬೂಟ್‌ನ ಮೊದಲ ಹಂತದ ಪುಟ್ಟ ಫೈಲ್ ಗುಚ್ಛವಾದ ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲೇ ಏಳುವುದರಿಂದ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಬರೆದು ಬಿಟ್ಟರೆ ಸಾಲದು, ಹಾಗೆ ಮಾಡುವುದಿದ್ದರೆ ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು’ ಕೂಡ ಬೇಕು. ಬೂಟ್ ಆದ ಮೇಲೆ /ಪ್ರಾಕ್/ಸಿಎಂಡಿಲೈನ್ ಓದಿ, ಸೇರಿಸಿದ್ದು ಅಲ್ಲಿದೆಯೇ ನೋಡಿ. ಒಂದಕ್ಷರ ತಪ್ಪಿದ್ದರೂ ಕರ್ನಲ್ ಜಗಳ ಮಾಡುವುದಿಲ್ಲ, ಸುಮ್ಮನೆ ಅಲಕ್ಷಿಸುತ್ತದೆ.

ಎಎಸ್‌ಪಿಎಂ ಬಗ್ಗೆ ಇರುವ ತಪ್ಪು ತಿಳಿವಳಿಕೆ

ನಿಮ್ಮ ಎಂಟರಲ್ಲಿ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಇದ್ದೇ ಇರುತ್ತದೆ ಎಂದುಕೊಳ್ಳುತ್ತೇನೆ. ಹೆಸರು ನೋಡಿದರೆ ಎಎಸ್‌ಪಿಎಂ ಆರಿಸುವಂತಿದೆ. ಅದರ ನಿಜವಾದ ಅರ್ಥ: ಕರ್ನಲ್ ಎಎಸ್‌ಪಿಎಂ ತಂಟೆಗೇ ಹೋಗದು, ಬಯಾಸ್ ಏನು ಮಾಡಿಟ್ಟಿದೆಯೋ ಹಾಗೇ ಬಿಡುತ್ತದೆ. ಬಯಾಸ್ ಎಲ್1 ಹಚ್ಚಿಟ್ಟಿದ್ದರೆ ಅದು ಹಚ್ಚಿದಂತೆಯೇ ಇರುತ್ತದೆ. ನಿಜವಾಗಿ ಆರಿಸಬೇಕಿದ್ದರೆ ‘ಪಿಸಿಐಇ_ಎಎಸ್‌ಪಿಎಂ.ಪಾಲಿಸಿ=ಪರ್ಫಾರ್ಮೆನ್ಸ್’. ‘ಪಿಸಿಐಇ_ಎಎಸ್‌ಪಿಎಂ=ಫೋರ್ಸ್’ ಅಂತೂ ತನಗೆ ಬರುವುದಿಲ್ಲ ಎಂದು ಹೇಳಿಕೊಂಡ ಸಾಧನವನ್ನೂ ಬಲವಂತವಾಗಿ ಮಲಗಿಸುತ್ತದೆ, ಯಂತ್ರ ಹೆಪ್ಪುಗಟ್ಟಿ ನಿಲ್ಲಬಹುದು. ಅದರ ತಂಟೆ ಬೇಡ.

ಇಡೀ ಯಂತ್ರಕ್ಕೆ ಆರಿಸುವುದರ ಬೆಲೆ ನಿಮ್ಮ ಬ್ಯಾಗ್ ಬಿಸಿಯಾಗುವುದರಲ್ಲಿ ಕಾಣುತ್ತಿದೆ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಎಸ್3 ನಿದ್ದೆ ಬಹುಪಾಲು ಇರುವುದಿಲ್ಲ. /ಸಿಸ್/ಪವರ್/ಮೆಮ್_ಸ್ಲೀಪ್ ಓದಿದರೆ ‘ಎಸ್2ಐಡಲ್’ ಒಂದೇ ಸಿಗಬಹುದು. ಅದರಲ್ಲಿ ಪ್ರೊಸೆಸರ್ ಆಳಕ್ಕೆ ಇಳಿಯಬೇಕಾದರೆ ಸುತ್ತಲಿನ ಲಿಂಕ್‌ಗಳೂ ಮಲಗಿರಬೇಕು. ಇಂಟೆಲ್ ಯಂತ್ರಗಳಲ್ಲಿ ಒಂದು ಲಿಂಕ್ ಎಚ್ಚರವಿದ್ದರೂ ಎಸ್0ಐಎಕ್ಸ್ ಎಂಬ ಆಳದ ಸ್ಥಿತಿ ತಪ್ಪಬಹುದು. ಪರದೆ ಕಪ್ಪಗಿದ್ದರೂ ಒಳಗೆ ಒಲೆ ಉರಿಯುತ್ತಿರುತ್ತದೆ. ಇಂಟೆಲ್ ಆಗಿದ್ದರೆ ಸಸ್ಪೆಂಡ್‌ಗೆ ಮುಂಚೆ, ನಂತರ /ಸಿಸ್/ಕರ್ನಲ್/ಡೀಬಗ್/ಪಿಎಂಸಿ_ಕೋರ್/ಎಸ್‌ಎಲ್‌ಪಿ_ಎಸ್0_ರೆಸಿಡೆನ್ಸಿ_ಯುಸೆಕ್ ಓದಿ. ಸಂಖ್ಯೆ ಏರದಿದ್ದರೆ ಯಂತ್ರ ನಿಜವಾಗಿ ಮಲಗಿರಲಿಲ್ಲ.

ಆದ್ದರಿಂದ ಆರಿಸುವುದಿದ್ದರೆ ಒಂದೇ ಸಾಧನದ ಲಿಂಕ್‌ಗೆ ಆರಿಸಿ. ‘ಎಲ್‌ಎಸ್‌ಪಿಸಿಐ’ ಕೊಟ್ಟು ವಿಳಾಸ ನೋಡಿಕೊಳ್ಳಿ, ವೈಫೈ 02:00.0 ಎಂದಿರಲಿ. 5.5ರ ನಂತರದ ಕರ್ನಲ್‌ಗಳಲ್ಲಿ /ಸಿಸ್/ಬಸ್/ಪಿಸಿಐ/ಡಿವೈಸಸ್/0000:02:00.0/ಲಿಂಕ್ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ‘ಎಲ್1_2_ಎಎಸ್‌ಪಿಎಂ’ಗೆ 0 ಬರೆದು ಮೊದಲು ಆಳದ ಮೆಟ್ಟಿಲನ್ನು ಮಾತ್ರ ತೆಗೆಯಿರಿ. ಸಾಲದಿದ್ದರೆ ‘ಎಲ್1_ಎಎಸ್‌ಪಿಎಂ’ಗೆ 0. ಎಸ್‌ಎಸ್‌ಡಿಗೂ ಇದೇ ಕ್ರಮ. ಎಲ್1 ಉಳಿದು ಎಲ್1.2 ಮಾತ್ರ ಹೋದರೆ, ಎರಡನ್ನೂ ಆರಿಸುವುದಕ್ಕಿಂತ ಖರ್ಚು ಕಡಿಮೆ.

ವೈಫೈ: ಒಂದು ಕಾರ್ಡ್, ಮೂರು ನಿದ್ದೆ

ಪಿಂಗ್ ಏರಿಳಿಯುತ್ತ ನೂರಾರು ಮಿಲಿಸೆಕೆಂಡ್ ಆಗುತ್ತಿದ್ದರೆ ಅದು ರೇಡಿಯೊ ನಿದ್ದೆ. ರೂಟರ್ ಸುಮಾರು 102 ಮಿಲಿಸೆಕೆಂಡಿಗೊಮ್ಮೆ ಕಳಿಸುವ ಬೀಕನ್‌ಗಾಗಿ ಮಾತ್ರ ಕಾರ್ಡ್ ಕಿವಿ ತೆರೆಯುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಸೆಟ್ಟಿಂಗ್‌ನಲ್ಲಿ ‘ವೈಫೈ.ಪವರ್‌ಸೇವ್’ 3 ಇದ್ದರೆ ಇದು ಹಚ್ಚಿದೆ, 2 ಮಾಡಿದರೆ ಆರುತ್ತದೆ. ನಿಮ್ಮ ತೊಂದರೆ ಇದಲ್ಲ. ಕಾರ್ಡೇ ಮಾಯವಾಗುವುದಕ್ಕೆ ಲಿಂಕ್ ನಿದ್ದೆ ಅಥವಾ ಡಿ3ಯಿಂದ ಏಳುವಾಗಿನ ಎಡವಟ್ಟು ಕಾರಣ.

ಕಾರ್ಡ್ ಯಾವುದೆಂದು ನೀವು ಬರೆದಿಲ್ಲ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟರೆ ಕಾರ್ಡಿನ ಐಡಿ, ಬಳಕೆಯಲ್ಲಿರುವ ಡ್ರೈವರ್ ಎರಡೂ ತಿಳಿಯುತ್ತವೆ. ರಿಯಲ್‌ಟೆಕ್ ಕಾರ್ಡಾಗಿ ಡ್ರೈವರ್ ಹೆಸರು ಆರ್‌ಟಿಡಬ್ಲ್ಯೂ88ರಿಂದ ಶುರುವಾಗಿದ್ದರೆ ಕೆಲಸ ಸುಲಭ, ಡ್ರೈವರ್ ಬರೆದವರೇ ನಿದ್ದೆ ನಿಲ್ಲಿಸುವ ಗುಂಡಿ (ಆಯ್ಕೆ) ಕೊಟ್ಟಿದ್ದಾರೆ. /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಒಂದು .ಕಾನ್ಫ್ ಫೈಲ್ ಮಾಡಿ ‘ಆಪ್ಷನ್ಸ್ ಆರ್‌ಟಿಡಬ್ಲ್ಯೂ88_ಪಿಸಿಐ ಡಿಸೇಬಲ್_ಎಎಸ್‌ಪಿಎಂ=1’ ಎಂದು ಬರೆಯಿರಿ. ಅದೂ ಸಾಲದಿದ್ದರೆ ‘ಆಪ್ಷನ್ಸ್ ಆರ್‌ಟಿಡಬ್ಲ್ಯೂ88_ಕೋರ್ ಡಿಸೇಬಲ್_ಎಲ್‌ಪಿಎಸ್_ಡೀಪ್=1’. ಆರ್‌ಟಿಡಬ್ಲ್ಯೂ89 ಆಗಿದ್ದರೆ ಗುಂಡಿಗಳ ಹೆಸರು ‘ಡಿಸೇಬಲ್_ಎಎಸ್‌ಪಿಎಂ_ಎಲ್1ಎಸ್‌ಎಸ್’ ಮತ್ತು ‘ಡಿಸೇಬಲ್_ಎಎಸ್‌ಪಿಎಂ_ಎಲ್1’, ಮಾಡ್ಯೂಲ್ ಆರ್‌ಟಿಡಬ್ಲ್ಯೂ89_ಪಿಸಿಐ. ಮೊದಲು ಎಲ್1ಎಸ್‌ಎಸ್ ಒಂದನ್ನೇ ಹಾಕಿ ನೋಡಿ. ಬೇರೆ ಡ್ರೈವರ್ ಆಗಿದ್ದರೆ ‘ಮಾಡ್‌ಇನ್ಫೊ -ಪಿ’ ಮುಂದೆ ಅದರ ಹೆಸರು ಕೊಟ್ಟರೆ ಇರುವ ಗುಂಡಿಗಳೆಲ್ಲ ಕಾಣುತ್ತವೆ.

ಗುಂಡಿಗಳಿಂದ ಆಗದಿದ್ದರೆ ಕೊನೆಯ ಉಪಾಯ, ಮಲಗುವ ಮುನ್ನ ಡ್ರೈವರನ್ನು ಇಳಿಸಿ ಎದ್ದ ಮೇಲೆ ಹತ್ತಿಸುವುದು. /ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್ ಫೋಲ್ಡರ್‌ನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಇಡಿ. ಸಿಸ್ಟಮ್‌ಡಿ ಅದನ್ನು ಮಲಗುವ ಮುನ್ನ ‘ಪ್ರಿ’, ಎದ್ದ ಮೇಲೆ ‘ಪೋಸ್ಟ್’ ಎಂಬ ಮೊದಲ ಆರ್ಗ್ಯುಮೆಂಟ್‌ನೊಂದಿಗೆ ಕರೆಯುತ್ತದೆ. ‘ಪ್ರಿ’ ಬಂದಾಗ ‘ಮಾಡ್‌ಪ್ರೋಬ್ -ಆರ್’, ‘ಪೋಸ್ಟ್’ ಬಂದಾಗ ಬರೀ ‘ಮಾಡ್‌ಪ್ರೋಬ್’, ಮುಂದೆ ಡ್ರೈವರ್ ಹೆಸರು. ಎಕ್ಸಿಕ್ಯೂಟ್ ಅನುಮತಿ ಕೊಡುವುದನ್ನು ಮರೆತರೆ ಸ್ಕ್ರಿಪ್ಟ್ ಓಡುವುದೇ ಇಲ್ಲ. ಕೆಲಸ ಮಾಡುವ ಉಪಾಯವಾದರೂ ಇದು ತೇಪೆ ಮಾತ್ರ: ಎದ್ದಾಗಲೆಲ್ಲ ನೆಟ್‌ವರ್ಕ್ ಹೊಸದಾಗಿ ಹುಡುಕುವಷ್ಟು ಹೊತ್ತು ಕಾಯಬೇಕು.

ಈಗಾಗಲೇ ಮಾಯವಾದ ಕಾರ್ಡನ್ನು ರೀಬೂಟ್ ಇಲ್ಲದೆ ತರಲು ಅದರ ಪಿಸಿಐ ಫೋಲ್ಡರ್‌ನ ‘ರಿಮೂವ್’ ಫೈಲಿಗೆ 1, ಆಮೇಲೆ /ಸಿಸ್/ಬಸ್/ಪಿಸಿಐ/ರೀಸ್ಕ್ಯಾನ್‌ಗೆ 1 ಬರೆಯಿರಿ. ಬಂದರೆ ಕಾರ್ಡಿನಲ್ಲಿ ಜೀವವಿದೆ, ಮಾತುಕತೆಯಷ್ಟೇ ಕೆಟ್ಟಿದೆ. ಎಸ್‌ಎಸ್‌ಡಿಗೆ ಈ ಪ್ರಯೋಗ ಬೇಡ.

ತಪ್ಪು ವೈಫೈಯದ್ದೇ ಹೌದೇ ಎಂಬ ಅನುಮಾನವಿದ್ದರೆ /ಸಿಸ್/ಪವರ್/ಪಿಎಂ_ಟೆಸ್ಟ್ ಇದೆ. ಅದಕ್ಕೆ ‘ಡಿವೈಸಸ್’ ಎಂದು ಬರೆದು ಸಸ್ಪೆಂಡ್ ಮಾಡಿದರೆ ಕರ್ನಲ್ ಎಲ್ಲ ಡ್ರೈವರ್‌ಗಳನ್ನು ಮಲಗಿಸಿ, 5 ಸೆಕೆಂಡ್ ಕಾದು, ಎಬ್ಬಿಸುತ್ತದೆ. ಫರ್ಮ್‌ವೇರ್ ತನಕ ಹೋಗುವುದಿಲ್ಲ. ಇಲ್ಲೇ ಕೈಕೊಟ್ಟರೆ ತಪ್ಪು ಡ್ರೈವರ್‌ನಲ್ಲಿ. ಇದರಲ್ಲಿ ಹತ್ತು ಸಲವೂ ಪಾಸಾಗಿ ‘ಪ್ಲಾಟ್‌ಫಾರ್ಮ್’ ಹಂತದಲ್ಲಿ ಬಿದ್ದರೆ ಬಯಾಸ್ ಕಡೆ ಬೆರಳು ತೋರಿಸಬಹುದು. ಮುಗಿದ ಮೇಲೆ ‘ನನ್’ (ಏನೂ ಬೇಡ ಎಂಬ ಇಂಗ್ಲಿಷ್ ಪದ) ಎಂದು ಬರೆಯಿರಿ, ಇಲ್ಲದಿದ್ದರೆ ಆಮೇಲಿನ ಪ್ರತಿ ಸಸ್ಪೆಂಡ್ ಐದೇ ಸೆಕೆಂಡಿನದ್ದಾಗುತ್ತದೆ.

ಮೌಸ್

ಇದು ಬಹುತೇಕ ದೋಷವೇ ಅಲ್ಲ. ಹಬ್‌ಗಳನ್ನು ಬಿಟ್ಟರೆ ಹೆಚ್ಚಿನ ಯುಎಸ್‌ಬಿ ಸಾಧನಗಳನ್ನು ಕರ್ನಲ್ ತಾನಾಗಿ ಮಲಗಿಸುವುದಿಲ್ಲ. ಮಲಗುತ್ತಿದೆ ಎಂದರೆ ‘ಪವರ್‌ಟಾಪ್ --ಆಟೊ-ಟ್ಯೂನ್’ನಂಥ ವಿದ್ಯುತ್ ಉಳಿಸುವ ತಂತ್ರಾಂಶ ಹಚ್ಚಿರಬೇಕು. ಆ ಎರಡು ಸೆಕೆಂಡ್ ಕರ್ನಲ್‌ನ ಮೂಲ ಆಟೊಸಸ್ಪೆಂಡ್ ಅವಧಿ. ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ ಮೌಸಿನ ಐಡಿ ನೋಡಿಕೊಳ್ಳಿ. ಯುಡೆವ್ ನಿಯಮ (ಸಾಧನ ಸೇರಿದಾಗ ತಾನಾಗಿ ಜಾರಿಯಾಗುವ ಸೂಚನೆ) ಬರೆದು ಆ ಐಡಿಗೆ ಮಾತ್ರ ‘ಪವರ್/ಕಂಟ್ರೋಲ್’ ಅನ್ನು ‘ಆನ್’ ಮಾಡಿ. ಇಲ್ಲಿ ‘ಆನ್’ ಎಂದರೆ ಸಾಧನ ಸದಾ ಎಚ್ಚರ, ‘ಆಟೊ’ ಎಂದರೆ ಮಲಗಬಹುದು. ‘ಯುಎಸ್‌ಬಿಕೋರ್.ಆಟೊಸಸ್ಪೆಂಡ್=-1’ ಹಾಕಿದ್ದರೆ ತೆಗೆಯಿರಿ. ಒಂದು ಮೌಸಿಗಾಗಿ ಕ್ಯಾಮೆರಾ, ಬ್ಲೂಟೂತ್, ಬೆರಳಚ್ಚು ಓದುವ ಸಾಧನ ಎಲ್ಲವೂ ಹಗಲುರಾತ್ರಿ ಎದ್ದಿರಬೇಕಿಲ್ಲ.

ನಿಮ್ಮ ಪಟ್ಟಿಯಲ್ಲಿ ಇರಬಹುದಾದ ಉಳಿದವು: ‘ಐ915.ಎನೇಬಲ್_ಪಿಎಸ್‌ಆರ್=0’ ಇಂಟೆಲ್ ಪರದೆ ಮಿಣುಕುವುದಕ್ಕೆ, ‘ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್.ಪವರ್_ಸೇವ್=0’ ಸ್ಪೀಕರ್ ಟಪ್ ಎನ್ನುವುದಕ್ಕೆ. ಆ ಲಕ್ಷಣಗಳಿಲ್ಲದಿದ್ದರೆ ಬೇಡ. ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಬೇ ಟ್ರೇಲ್ ಎಂಬ ಹಳೆಯ ಅಗ್ಗದ ಚಿಪ್‌ಗಳು ಹೆಪ್ಪುಗಟ್ಟುವುದಕ್ಕೆ ಕೊಡುತ್ತಿದ್ದ ಮದ್ದು. ಎರಡು ವರ್ಷದ ಯಂತ್ರಕ್ಕೆ ಅದನ್ನು ಹಾಕಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆಯೇ ಹೊರತು ಬೇರೇನೂ ಸಿಗದು. ನಿಮ್ಮ ಬ್ಯಾಟರಿ ಅರ್ಧಕ್ಕಿಳಿದ ಗುಟ್ಟು ಈ ಸಾಲಿನಲ್ಲಿದ್ದರೂ ಇರಬಹುದು, ಮೊದಲು ಅದನ್ನೇ ಹುಡುಕಿ.

ಒಂದು ಬಾರಿಗೆ ಒಂದೇ ಬದಲಾವಣೆ. ಬೂಟ್ ಪ್ಯಾರಾಮೀಟರ್‌ಗಳನ್ನು ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಸೇರಿಸಿ, ಕಂಟ್ರೋಲ್-ಎಕ್ಸ್ ಒತ್ತಿ ನೋಡಿ. ಅದು ಆ ಒಂದು ಬೂಟ್‌ಗೆ ಮಾತ್ರ, ತಪ್ಪಾದರೆ ಆರಿಸಿ ಹಚ್ಚಿದರೆ ಆಯಿತು.

ಪರಿಹಾರ ಸಿಕ್ಕಿದ ಮೇಲೆ ಉಬುಂಟುವಿನ ಬಗ್ ಪಟ್ಟಿಗೆ ವರದಿ ಮಾಡಿ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ವಿವಿ’ ಮತ್ತು ‘ಡಿಎಂಐಡಿಕೋಡ್’ ಫಲಿತಾಂಶ, ಡಿಸ್ಕಿನ ಮಾದರಿ ಮತ್ತು ಫರ್ಮ್‌ವೇರ್ ಆವೃತ್ತಿ, ಕರ್ನಲ್ ಆವೃತ್ತಿ, ಯಾವ ಮಿತಿಯಲ್ಲಿ ನಿಂತಿತು, ಯಾವುದರಲ್ಲಿ ನಿಲ್ಲಲಿಲ್ಲ, ಇಷ್ಟಿದ್ದರೆ ಕ್ವಿರ್ಕ್ ಬರೆಯುವವರಿಗೆ ಸಾಕು. ಡಿಎಂಐಡಿಕೋಡ್‌ನಲ್ಲಿ ಬರುವ ಸೀರಿಯಲ್ ನಂಬರ್, ಯುಯುಐಡಿ ಸಾಲುಗಳನ್ನು ಅಳಿಸಿ ಕಳಿಸಿ. ಆ ಕ್ವಿರ್ಕ್ ಮುಂದೊಂದು ಕರ್ನಲ್‌ನಲ್ಲಿ ಬಂದಾಗ ನಿಮ್ಮ ಸಾಲು ಅನಗತ್ಯವಾಗುತ್ತದೆ. ಹಾಗಾಗಿ ಗ್ರಬ್ ಫೈಲಿನಲ್ಲಿ ಅದರ ಮೇಲೊಂದು ಹೊಸ ಸಾಲು ಮಾಡಿ, ಮೊದಲಿಗೆ # ಹಾಕಿ, ಯಾವ ದಿನ, ಯಾವ ಕರ್ನಲ್‌ಗೆ, ಯಾವ ಲಕ್ಷಣಕ್ಕೆ ಸೇರಿಸಿದ್ದು ಎಂದು ಬರೆದಿಡಿ. ಉಬುಂಟು ದೊಡ್ಡ ಅಪ್‌ಗ್ರೇಡ್ ಆದಾಗೊಮ್ಮೆ ಆ ಸಾಲು ತೆಗೆದು ಪರೀಕ್ಷಿಸಿ.